ಕೊಡೆ, ಗಾಳಿಯಂತ್ರ, ಫೋನು: ಹಿಚ್‌ಕಾಕ್‌ನ ಯುದ್ಧಕಾಲದ ಥ್ರಿಲ್ಲರ್ ಎಲ್ಲಿ ಗೆಲ್ಲುತ್ತದೆ, ಎಲ್ಲಿ ಎಡವುತ್ತದೆ

ಆಮ್‌ಸ್ಟರ್‌ಡ್ಯಾಮ್. ಜೋರು ಮಳೆ. ದೊಡ್ಡ ಕಟ್ಟಡವೊಂದರ ಮೆಟ್ಟಿಲುಗಳ ಬುಡದಲ್ಲಿ ಜನ ಕಿಕ್ಕಿರಿದು ನಿಂತಿದ್ದಾರೆ. ಮುಖ ಕಾಣುವುದಿಲ್ಲ, ಬರೀ ಕಪ್ಪು ಕೊಡೆಗಳು. ಮುದುಕನಾದ ಡಚ್ ರಾಜತಂತ್ರಜ್ಞನೊಬ್ಬ ಮೆಟ್ಟಿಲು ಹತ್ತುತ್ತಾನೆ. ಫೋಟೋಗ್ರಾಫರ್ ಎದುರು ಬರುತ್ತಾನೆ. ಕ್ಯಾಮೆರಾ ಹಿಡಿದ ಕೈಯಲ್ಲೇ ಪಿಸ್ತೂಲೂ ಇದೆ. ಫ್ಲ್ಯಾಶ್ ಮಿಂಚುತ್ತದೆ, ಗುಂಡು ಹಾರುತ್ತದೆ, ರಕ್ತ ತುಂಬಿದ ಮುಖ ಕಣ್ಣು ಮಿಟುಕಿಸುವಷ್ಟರಲ್ಲಿ ಬಂದು ಹೋಗುತ್ತದೆ.

ಕೊಲೆಗಾರ ಜನರ ನಡುವೆ ನುಗ್ಗುತ್ತಾನೆ. ಆಗ ಸಿನಿಮಾದ ಕ್ಯಾಮೆರಾ ಮೇಲಿನಿಂದ ನೋಡುತ್ತದೆ. ಓಡುವವನು ನಮಗೆ ಕಾಣುವುದಿಲ್ಲ. ಕೊಡೆಗಳು ಅಲುಗಾಡುವುದು ಕಾಣುತ್ತದೆ, ಅಷ್ಟೇ. ಜೋಳದ ಹೊಲಕ್ಕೆ ಹಂದಿ ನುಗ್ಗಿದರೆ ತೆನೆ ಅಲುಗುವುದನ್ನು ನೋಡಿಯೇ ಅದು ಎಲ್ಲಿದೆ ಅಂತ ಹೇಳುತ್ತಾರಲ್ಲ, ಹಾಗೆ.

ಇದು ಆಲ್ಫ್ರೆಡ್ ಹಿಚ್‌ಕಾಕ್‌ನ 'ಫಾರಿನ್ ಕರೆಸ್ಪಾಂಡೆಂಟ್'. 1940ರ ಆಗಸ್ಟ್ 16ರಂದು ಅಮೆರಿಕದಲ್ಲಿ ತೆರೆಕಂಡ ಸಿನಿಮಾ. ನಾನು ಮೊದಲ ಸಲ ನೋಡಿದಾಗ ಈ ಕೊಡೆ ದೃಶ್ಯವನ್ನು ಮೂರು ಸಲ ಹಿಂದಕ್ಕೆ ಓಡಿಸಿ ನೋಡಿದ್ದೆ. ಅದೇ ಸಿನಿಮಾದ ಪ್ರೇಮ ದೃಶ್ಯಗಳನ್ನು ಮುಂದಕ್ಕೆ ಓಡಿಸಿದ್ದೂ ನಿಜ. ಒಂದೇ ಸಿನಿಮಾ, ಒಬ್ಬನೇ ನಿರ್ದೇಶಕ. ಕೆಲವು ಕಡೆ ಉಸಿರು ಬಿಗಿಹಿಡಿದು ಕೂರಿಸುತ್ತದೆ, ಕೆಲವು ಕಡೆ ಆಕಳಿಕೆ ತರಿಸುತ್ತದೆ. ಯಾಕೆ ಹೀಗೆ?

ಮೊದಲು ಕಥೆ. ಅದು 1939ರ ಆಗಸ್ಟ್. ಯುರೋಪಿನಲ್ಲಿ ಯುದ್ಧ ಇವತ್ತೋ ನಾಳೆಯೋ ಅನ್ನುವ ಹೊತ್ತು. ನ್ಯೂಯಾರ್ಕಿನ ಪತ್ರಿಕಾ ಸಂಪಾದಕನೊಬ್ಬನಿಗೆ ತನ್ನ ವಿದೇಶಿ ವರದಿಗಾರರ ಮೇಲೆ ಬೇಸರ ಬಂದಿದೆ. ಪಂಡಿತರು ಸಾಕು, ಸುದ್ದಿ ಹುಡುಕುವವನು ಬೇಕು ಅಂತ ಕ್ರೈಮ್ ವರದಿಗಾರ ಜಾನಿ ಜೋನ್ಸ್‌ನನ್ನು ಆರಿಸುತ್ತಾನೆ. ಯುರೋಪಿನ ಬಿಕ್ಕಟ್ಟಿನ ಬಗ್ಗೆ ಏನನ್ನಿಸುತ್ತದೆ ಅಂತ ಕೇಳಿದರೆ, ಯಾವ ಬಿಕ್ಕಟ್ಟು ಅಂತ ಕೇಳುವ ಆಸಾಮಿ ಇವನು. ಜೋಯೆಲ್ ಮ್ಯಾಕ್ರೀ ಆ ಪಾತ್ರ ಮಾಡಿದ್ದಾನೆ. ಲಂಡನ್ನಿಗೆ ಹೋದ ಜೋನ್ಸ್‌ಗೆ ಟ್ಯಾಕ್ಸಿಯಲ್ಲಿ ವಾನ್ ಮೀರ್ ಎಂಬ ಡಚ್ ಮುತ್ಸದ್ದಿಯ ಪರಿಚಯವಾಗುತ್ತದೆ. ಶಾಂತಿ ಸಂಘಟನೆಯೊಂದನ್ನು ನಡೆಸುವ ಸ್ಟೀಫನ್ ಫಿಶರ್, ಅವನ ಮಗಳು ಕ್ಯಾರೊಲ್ ಕೂಡ ಸಿಗುತ್ತಾರೆ. ಮುಂದೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ವಾನ್ ಮೀರ್ ಜೋನ್ಸ್‌ನ ಕಣ್ಣೆದುರೇ ಸಾಯುತ್ತಾನೆ. ಆದರೆ ಸತ್ತವನು ನಿಜವಾದ ವಾನ್ ಮೀರ್ ಅಲ್ಲ, ಅವನಂತೆಯೇ ಕಾಣುವ ಇನ್ನೊಬ್ಬ. ಅಸಲಿ ಮನುಷ್ಯ ಅಪಹರಣಕಾರರ ಕೈಯಲ್ಲಿದ್ದಾನೆ. ಜಗತ್ತು ಅವನು ಸತ್ತ ಅಂತ ನಂಬಿದರೆ ಹುಡುಕುವವರೇ ಇರುವುದಿಲ್ಲ, ಅಲ್ವಾ?

ಅಪಹರಣಕಾರರಿಗೆ ಬೇಕಿರುವುದು ಒಂದು ಒಪ್ಪಂದದ 27ನೇ ಕಲಮು. ಅದನ್ನು ಎಲ್ಲೂ ಬರೆದಿಟ್ಟಿಲ್ಲ. ಸಹಿ ಹಾಕಿದವರ ತಲೆಯಲ್ಲಿ ಮಾತ್ರ ಇದೆ.

ಆ ಕಲಮಿನಲ್ಲಿ ಏನಿದೆ? ಸಿನಿಮಾ ಮುಗಿದರೂ ಹೇಳುವುದಿಲ್ಲ. ಹಿಚ್‌ಕಾಕ್ ಇಂಥದ್ದಕ್ಕೆ 'ಮ್ಯಾಕ್‌ಗಫಿನ್' ಅನ್ನುತ್ತಿದ್ದ. ಪಾತ್ರಗಳು ಪ್ರಾಣ ಕೊಟ್ಟು ಬೆನ್ನಟ್ಟುವ ವಸ್ತು, ಆದರೆ ನೋಡುವವರಿಗೆ ಅದು ಏನಾದರೂ ಒಂದೇ. ಗುಟ್ಟಿನ ನಕ್ಷೆ ಆಗಬಹುದು, ಯಂತ್ರದ ಸೂತ್ರ ಆಗಬಹುದು, ಸೀಸೆಯೊಳಗಿನ ಪುಡಿಯೂ ಆಗಬಹುದು. ಕಬಡ್ಡಿ ಅಂಕಣದ ನಡುವಿನ ಗೆರೆ ಇದ್ದ ಹಾಗೆ. ಗೆರೆಯನ್ನು ಯಾವ ಸುಣ್ಣದಲ್ಲಿ ಹಾಕಿದ್ದಾರೆ ಅಂತ ಯಾರೂ ಕೇಳುವುದಿಲ್ಲ. ಅದನ್ನು ದಾಟುತ್ತಾರಾ, ಸಿಕ್ಕಿಬೀಳುತ್ತಾರಾ ಅನ್ನುವುದರಲ್ಲೇ ಆಟ.

ಸಿದ್ಧಾಂತವೇನೋ ಚೆನ್ನಾಗಿದೆ. ಆದರೆ ಇಲ್ಲಿ ಅದು ಸ್ವಲ್ಪ ಕೈಕೊಟ್ಟಿದೆ ಅಂತ ನನಗನ್ನಿಸುತ್ತದೆ. ಸೀಸೆಯನ್ನಾದರೆ ಕದಿಯಬಹುದು, ಬಚ್ಚಿಡಬಹುದು, ಕೈಜಾರಿ ಬೀಳಿಸಬಹುದು. 27ನೇ ಕಲಮನ್ನು ಏನು ಮಾಡುವುದು? ಅದರ ಬಗ್ಗೆ ಮಾತಾಡಬಹುದು, ಅಷ್ಟೇ. ಹೀಗಾಗಿ ಅದರ ಪ್ರಸ್ತಾಪ ಬಂದಾಗಲೆಲ್ಲ ಸಿನಿಮಾ ನಿಂತು ವಿವರಣೆ ಕೊಡುತ್ತದೆ. ಈ ಸಿನಿಮಾದ ಗುಣವೂ ದೋಷವೂ ಅರ್ಥವಾಗುವ ಜಾಗ ಇದೇ. ಹಿಚ್‌ಕಾಕ್ ವಸ್ತುಗಳ ಮೂಲಕ ಯೋಚಿಸುವ ಮನುಷ್ಯ. ಕೈಗೆ ಒಂದು ವಸ್ತು ಸಿಕ್ಕಿದರೆ ದೃಶ್ಯಕ್ಕೆ ಜೀವ ಬರುತ್ತದೆ. ಬರೀ ಮಾತಿದ್ದರೆ ಅವನಿಗೇ ಆಸಕ್ತಿ ಹೋಗುತ್ತದೆ.

ಅವನು ಕೆಲಸ ಶುರು ಮಾಡುತ್ತಿದ್ದ ಬಗೆಯೇ ಹಾಗಿತ್ತು. ಕಥೆ ಹಾಲೆಂಡಿಗೆ ಹೋಗುತ್ತದೆ. ಹಾಲೆಂಡ್ ಅಂದರೆ ಏನು ನೆನಪಾಗುತ್ತದೆ? ಗಾಳಿಯಂತ್ರ, ಟ್ಯೂಲಿಪ್ ಹೂವು, ಮಳೆ. ಸರಿ, ಗಾಳಿಯಂತ್ರದಲ್ಲಿ ಒಂದು ದೃಶ್ಯ, ಮಳೆಯಲ್ಲಿ ಒಂದು ದೃಶ್ಯ. ಬಣ್ಣದ ಸಿನಿಮಾ ಆಗಿದ್ದರೆ ಟ್ಯೂಲಿಪ್ ತೋಟದಲ್ಲಿ ಕೊಲೆ ಮಾಡಿಸಿ, ಹೂವಿನ ಎಸಳ ಮೇಲೆ ರಕ್ತದ ಹನಿ ಬೀಳಿಸುತ್ತಿದ್ದೆ ಅಂತ ಮುಂದೆ ಸಂದರ್ಶನದಲ್ಲಿ ಹೇಳಿದ್ದಾನೆ. ಜಾಗ ಮೊದಲು, ದೃಶ್ಯ ಆಮೇಲೆ, ಕಾರಣ ಕೊನೆಗೆ. ದೃಶ್ಯದಿಂದ ದೃಶ್ಯಕ್ಕೆ ಕಥೆಯ ಸೇತುವೆ ಕಟ್ಟುವುದು ಬರಹಗಾರರ ತಲೆನೋವು.

ಬರಹಗಾರರಂತೂ ಸಾಲುಗಟ್ಟಿದ್ದರು. ನಿರ್ಮಾಪಕ ವಾಲ್ಟರ್ ವೇಂಗರ್ ಪತ್ರಕರ್ತ ವಿನ್ಸೆಂಟ್ ಶೀಯನ್ ಬರೆದ ಆತ್ಮಕಥನದ ಹಕ್ಕನ್ನು 10,000 ಡಾಲರ್ ಕೊಟ್ಟು ಕೊಂಡಿದ್ದ. ಅದನ್ನು ಸಿನಿಮಾ ಮಾಡಲು ಹಲವರು ಹೆಣಗಿದರು. ಕೊನೆಗೆ ಪುಸ್ತಕದ್ದು ಹೆಚ್ಚೇನೂ ಉಳಿಯಲಿಲ್ಲ. ತೆರೆಯ ಮೇಲೆ ಚಿತ್ರಕಥೆಗೆ ಚಾರ್ಲ್ಸ್ ಬೆನೆಟ್ ಮತ್ತು ಜೋನ್ ಹ್ಯಾರಿಸನ್, ಸಂಭಾಷಣೆಗೆ ಜೇಮ್ಸ್ ಹಿಲ್ಟನ್ ಮತ್ತು ರಾಬರ್ಟ್ ಬೆಂಚ್ಲಿ ಹೆಸರಿದೆ. ಹೆಸರಿಲ್ಲದೆ ಕೈಯಾಡಿಸಿದವರು ಇನ್ನೂ ಇದ್ದಾರೆ. ಹಲವು ಕೈಗಳ ಅಡುಗೆ ಇದು. ಒಂದು ಕಡೆ ತಮಾಷೆ ಜಾಸ್ತಿ, ಇನ್ನೊಂದು ಕಡೆ ಉಪದೇಶ ಜಾಸ್ತಿ.

ಈಗ ಆ ಗಾಳಿಯಂತ್ರಕ್ಕೆ ಬರೋಣ. ನನ್ನ ಮಟ್ಟಿಗೆ ಇಡೀ ಸಿನಿಮಾದ ಕಳಶ ಅದೇ. ಕೊಲೆಗಾರನ ಕಾರನ್ನು ಬೆನ್ನಟ್ಟಿ ಜೋನ್ಸ್ ಊರಾಚೆಯ ಬಯಲಿಗೆ ಬರುತ್ತಾನೆ. ಕಾರು ಮಾಯ. ಸುತ್ತ ಬಯಲು, ಗಾಳಿ, ಅಲ್ಲಲ್ಲಿ ನಿಧಾನವಾಗಿ ತಿರುಗುವ ಗಾಳಿಯಂತ್ರಗಳು. ಗಾಳಿಗೆ ಅವನ ಟೋಪಿ ಹಾರಿ ಹೋಗುತ್ತದೆ. ಆಗ ಅವನಿಗೆ ಕಾಣುತ್ತದೆ: ಒಂದು ಯಂತ್ರದ ರೆಕ್ಕೆಗಳು ಗಾಳಿಗೆ ಎದುರಾಗಿ ತಿರುಗುತ್ತಿವೆ.

ಇದರಲ್ಲಿ ಎಷ್ಟು ಕೆಲಸ ಆಗಿದೆ ನೋಡಿ. ಸುಳಿವನ್ನು ಯಾರೂ ಬಾಯಿಬಿಟ್ಟು ಹೇಳಿಲ್ಲ. ಗಾಳಿ ಯಾವ ಕಡೆಗೆ ಅಂತ ಟೋಪಿ ತೋರಿಸಿತು, ತಪ್ಪು ಎಲ್ಲಿ ಅಂತ ರೆಕ್ಕೆ ತೋರಿಸಿತು. ಮಗುವಿಗೂ ಅರ್ಥವಾಗುತ್ತದೆ. ಆಮೇಲೆ ಜೋನ್ಸ್ ಒಳಗೆ ನುಸುಳುತ್ತಾನೆ. ಒಳಗೆ ಮರದ ದೊಡ್ಡ ಹಲ್ಲುಚಕ್ರಗಳು, ಕಿರಿದಾದ ಮೆಟ್ಟಿಲು, ಕೆಳಗೊಂದು ಮೇಲೊಂದು ಅಟ್ಟ. ಕೆಳಗೆ ಶತ್ರುಗಳು ಮಾತಾಡುತ್ತಿದ್ದಾರೆ, ಮೇಲೆ ಅಮಲಿನಲ್ಲಿ ಬಿದ್ದಿರುವ ನಿಜವಾದ ವಾನ್ ಮೀರ್. ನಡುವೆ ಜೋನ್ಸ್. ಅವನ ಕೋಟಿನ ತೋಳು ಹಲ್ಲುಚಕ್ರಕ್ಕೆ ಸಿಕ್ಕಿಕೊಳ್ಳುತ್ತದೆ. ಕೂಗುವಂತಿಲ್ಲ, ಬಿಡಿಸಿಕೊಳ್ಳಲು ಆಗುತ್ತಿಲ್ಲ. ಬಾಂಬು, ಬಂದೂಕು ಏನೂ ಇಲ್ಲದೆ ಒಂದು ಕೋಟು, ಒಂದು ಚಕ್ರ ಇಟ್ಟುಕೊಂಡು ನಮ್ಮ ಕೈ ಬೆವರುವಂತೆ ಮಾಡುತ್ತಾನೆ.

ಈ ಸೆಟ್‌ನ ಹಿಂದಿದ್ದವನು ವಿಲಿಯಂ ಕ್ಯಾಮರೂನ್ ಮೆಂಜೀಸ್. ಛಾಯಾಗ್ರಹಣ ರುಡಾಲ್ಫ್ ಮಾಟೆಯದು. ಮಾಟೆ ಮೂಕಿ ಕಾಲದಲ್ಲೇ ಯುರೋಪಿನಲ್ಲಿ ಮುಖಗಳ ಮೇಲೆ ಬೆಳಕು ಬೀಳಿಸುವುದರಲ್ಲಿ ಹೆಸರು ಮಾಡಿದವನು. ಗಾಳಿಯಂತ್ರದೊಳಗಿನ ನೆರಳುಗಳನ್ನು ನೋಡಿದರೆ ಆ ಅನುಭವ ಕಾಣುತ್ತದೆ. ಆಮ್‌ಸ್ಟರ್‌ಡ್ಯಾಮ್ ಚೌಕವನ್ನೂ ಹಾಲಿವುಡ್‌ನಲ್ಲೇ ಕಟ್ಟಿದ್ದರು. ಅಷ್ಟೊಂದು ಕೃತಕ ಮಳೆ ಸುರಿದರೆ ನೀರು ಹೋಗಬೇಕಲ್ಲ, ಅದಕ್ಕೆ ಬೇರೆ ಚರಂಡಿ ವ್ಯವಸ್ಥೆಯೂ ಆಯಿತು. ಒಟ್ಟು ಖರ್ಚು ಸುಮಾರು 15 ಲಕ್ಷ ಡಾಲರ್. ಆ ಕಾಲಕ್ಕೆ ಭಾರಿ ಮೊತ್ತ.

ಆದರೆ ಗಾಳಿಯಂತ್ರದ ದೃಶ್ಯ ಮುಗಿದ ಮೇಲೆ ಒಂದು ನಿಮಿಷ ಕೂತು ಯೋಚಿಸಿ. ಅಪಹರಣಕಾರರು ರೆಕ್ಕೆಯನ್ನು ಉಲ್ಟಾ ತಿರುಗಿಸಿದ್ದು ಆಕಾಶದಲ್ಲಿರುವ ತಮ್ಮ ವಿಮಾನಕ್ಕೆ ಸಂಕೇತ ಕೊಡಲು. ಗುಟ್ಟಾಗಿ ಕೆಲಸ ಮಾಡಬೇಕಾದವರು ಹತ್ತಾರು ಮೈಲಿ ದೂರಕ್ಕೆ ಕಾಣುವ ಸಂಕೇತವನ್ನೇ ಆರಿಸಿಕೊಳ್ಳುವುದಾ? ಒಂದು ಬಟ್ಟೆ ಹಾಸಿದ್ದರೆ ಸಾಕಿತ್ತು. ಇಂಥ ತೂತು ಸಿನಿಮಾದ ತುಂಬ ಇವೆ. ಜೋನ್ಸ್ ಸುಮ್ನೆ ತನ್ನ ಪತ್ರಿಕೆಗೆ ಎಲ್ಲವನ್ನೂ ಬರೆದು ಕಳಿಸಿದ್ದರೆ ಅರ್ಧ ಕಥೆ ಅಲ್ಲೇ ಮುಗಿಯುತ್ತಿತ್ತು. ಮೂಗಿಗಿಂತ ಮೂಗುತಿ ಭಾರ ಅನ್ನುತ್ತಾರಲ್ಲ, ಇಲ್ಲಿ ಕಥೆಗಿಂತ ದೃಶ್ಯ ಭಾರ.

ಹಾಗಂತ ಅದನ್ನೇ ದೊಡ್ಡ ತಪ್ಪು ಅಂತ ನಾನು ಹೇಳಲಾರೆ. ನೋಡುವಾಗ ಕಾಡದ ತೂತನ್ನು ನೋಡಿದ ಮೇಲೆ ಎಣಿಸುವುದರಲ್ಲಿ ಅರ್ಥ ಕಡಿಮೆ. ನೋಡುವಾಗಲೇ ಕಾಡುವ ದೋಷಗಳು ಬೇರೆ ಇವೆ.

ಮೊದಲನೆಯದು ಪ್ರೇಮ. ಜೋನ್ಸ್‌ಗೂ ಕ್ಯಾರೊಲ್‌ಗೂ ಪ್ರೀತಿ ಹುಟ್ಟುವುದು ಹಡಗಿನ ಮೇಲೆ, ನಾಲ್ಕು ಮಾತಿನಲ್ಲಿ. ಮದುವೆ ನಿಶ್ಚಯವೂ ಅದೇ ಉಸಿರಿನಲ್ಲಿ ಆಗಿಬಿಡುತ್ತದೆ. ಚುರುಕಾಗಿದೆ ಅಂತ ಕೆಲವರು ಮೆಚ್ಚುತ್ತಾರೆ. ನನಗೆ ಅದು ಪಟ್ಟಿಯಲ್ಲಿ ಗುರುತು ಹಾಕಿದಂತೆ ಕಾಣಿಸಿತು. ಆಮೇಲೆ ಕೇಂಬ್ರಿಜ್‌ನ ಹೋಟೆಲ್‌ನಲ್ಲಿ ಒಂದು ತಪ್ಪು ತಿಳಿವಳಿಕೆ. ಅವನು ಇನ್ನೊಂದು ಕೋಣೆ ಕೇಳಿದ್ದನ್ನು ಕೇಳಿಸಿಕೊಂಡು ಅವಳು ಬೇರೆಯೇ ಅರ್ಥ ಮಾಡಿಕೊಂಡು ಹೊರಟುಬಿಡುತ್ತಾಳೆ. ಎರಡು ಗಂಟೆಯ ಸಿನಿಮಾದ ನಡುವೆ ಈ ಭಾಗ ಬಂದಾಗ ಗಾಳಿ ಹೋದ ಟೈರಿನಲ್ಲಿ ಗಾಡಿ ಓಡಿಸಿದಂತಾಗುತ್ತದೆ. ಕ್ಯಾರೊಲ್ ಆಗಿರುವ ಲರೇನ್ ಡೇ ಒಳ್ಳೆಯ ನಟಿಯೇ. ಆದರೆ ಪಾತ್ರಕ್ಕೆ ಮಾಡಲು ಏನೂ ಕೊಟ್ಟಿಲ್ಲ.

ಎರಡನೆಯದು ನಾಯಕ. ಈ ಪಾತ್ರಕ್ಕೆ ಮೊದಲು ಕೇಳಿದ್ದು ಗ್ಯಾರಿ ಕೂಪರ್‌ನನ್ನು. ಆಗ ಥ್ರಿಲ್ಲರ್ ಅಂದರೆ ದೊಡ್ಡ ತಾರೆಗಳಿಗೆ ಸ್ವಲ್ಪ ತಾತ್ಸಾರ. ಅವನು ಒಲ್ಲೆ ಅಂದ. ಆಮೇಲೆ ಅದು ತಪ್ಪಾಯಿತು ಅಂತ ಹಿಚ್‌ಕಾಕ್ ಬಳಿಯೇ ಒಪ್ಪಿಕೊಂಡನಂತೆ. ಮ್ಯಾಕ್ರೀ ಸರಳ, ಸಹಜ ನಟ. ಆದರೆ ಕೊನೆಯ ಅರ್ಧದಲ್ಲಿ ಕಥೆಯೇ ಅವನ ಕೈಬಿಡುತ್ತದೆ. ಓಡಾಟವೆಲ್ಲ ಜಾರ್ಜ್ ಸ್ಯಾಂಡರ್ಸ್ ಮಾಡಿದ ಬ್ರಿಟಿಷ್ ಪತ್ರಕರ್ತನ ಪಾಲಾಗುತ್ತದೆ. ಫಾಲಿಯಟ್ ಅಂತ ಅವನ ಹೆಸರು. ಇಂಗ್ಲಿಷಿನಲ್ಲಿ ಬರೆಯುವಾಗ ಶುರುವಿನಲ್ಲಿ ಎರಡು 'ಎಫ್', ಎರಡೂ ಸಣ್ಣಕ್ಷರ. ಇಂಗ್ಲೆಂಡಿನ ದೊರೆ ಎಂಟನೇ ಹೆನ್ರಿ ತನ್ನ ಪೂರ್ವಜನ ತಲೆ ಕಡಿಸಿದ, ಅದರ ನೆನಪಿಗೆ ಹೆಂಡತಿ ದೊಡ್ಡಕ್ಷರ ಕೈಬಿಟ್ಟಳು ಅಂತ ಕಾರು ಬೆನ್ನಟ್ಟುವ ಗಡಿಬಿಡಿಯಲ್ಲಿ ವಿವರಣೆ ಬೇರೆ ಕೊಡುತ್ತಾನೆ! ಸ್ಯಾಂಡರ್ಸ್ ಬಂದಾಗಲೆಲ್ಲ ತೆರೆ ಬೆಳಗುತ್ತದೆ. ನಾಯಕನಿಗೆ ಅದು ಒಳ್ಳೆಯ ಸುದ್ದಿಯಲ್ಲ.

ತಮಾಷೆಯಲ್ಲಿ ಮಾತ್ರ ಸಿನಿಮಾ ಸೋಲುವುದಿಲ್ಲ. ನಕಲಿ ಪೊಲೀಸರಿಂದ ತಪ್ಪಿಸಿಕೊಳ್ಳಲು ಜೋನ್ಸ್ 'ಹೋಟೆಲ್ ಯುರೋಪ್'ನ ಕಿಟಕಿಯಿಂದ ಹೊರಗೆ ಹೋಗಿ ಗೋಡೆಯ ಅಂಚಿನಲ್ಲಿ ನಡೆಯುತ್ತಾನೆ. ಮೈಮೇಲೆ ಸ್ನಾನದ ನಿಲುವಂಗಿ. ಕೈ ತಗುಲಿ ನಿಯಾನ್ ಬೋರ್ಡಿನಲ್ಲಿ ಹೋಟೆಲ್ ಅನ್ನುವ ಪದದ ಕೊನೆಯ ಎರಡು ಇಂಗ್ಲಿಷ್ ಅಕ್ಷರ ಆರಿಹೋಗುತ್ತವೆ. ಉಳಿಯುವುದು 'ಹಾಟ್ ಯುರೋಪ್'. ಕಾದು ಕೆಂಪಾದ ಯುರೋಪ್. 1939ರ ಬಗ್ಗೆ ಭಾಷಣವಿಲ್ಲದೆ ಹೇಳಿದ ಮಾತು ಇದು. ಇಲ್ಲೂ ಮಾತಾಡಿದ್ದು ವಸ್ತುವೇ.

ವೆಸ್ಟ್‌ಮಿನ್‌ಸ್ಟರ್ ಕ್ಯಾಥೆಡ್ರಲ್ ಗೋಪುರದ ದೃಶ್ಯವೂ ಹಾಗೆಯೇ. ಅಂಗರಕ್ಷಕನ ಸೋಗಿನಲ್ಲಿ ಬಂದ ಬಾಡಿಗೆ ಕೊಲೆಗಾರ ರೋಲಿ ಜೋನ್ಸ್‌ನನ್ನು ಗೋಪುರದ ತುದಿಯಿಂದ ತಳ್ಳಲು ಕಾಯುತ್ತಿದ್ದಾನೆ. ಆದರೆ ಪ್ರವಾಸಿಗಳು ಹೋಗುವುದೇ ಇಲ್ಲ. ಶಾಲೆಯ ಹುಡುಗನೊಬ್ಬನನ್ನು ಎತ್ತಿ ಕೆಳಗಿನ ನೋಟ ತೋರಿಸುತ್ತಾನೆ ರೋಲಿ. ನಗುಮುಖದ, ದುಂಡುಮೈಯ ಅಜ್ಜ. ಕೊನೆಗೆ ಎರಡೂ ಕೈ ಚಾಚಿ ನಮ್ಮತ್ತಲೇ ನುಗ್ಗುತ್ತಾನೆ. ಮುಂದಿನ ಶಾಟ್‌ನಲ್ಲಿ ದೇಹವೊಂದು ಕೆಳಗೆ ಬೀಳುತ್ತಿದೆ. ಬಿದ್ದವನು ಯಾರು ಅಂತ ತಕ್ಷಣ ಹೇಳುವುದಿಲ್ಲ. ಈ ಪಾತ್ರ ಮಾಡಿದ ಎಡ್ಮಂಡ್ ಗ್ವೆನ್ ಏಳು ವರ್ಷದ ಬಳಿಕ ಇನ್ನೊಂದು ಸಿನಿಮಾದಲ್ಲಿ ಸಾಂಟಾ ಕ್ಲಾಸ್ ಆಗಿ ಆಸ್ಕರ್ ಗೆದ್ದ. ಅದೇ ನಗು!

ಇನ್ನು ಖಳನಾಯಕ. ಶಾಂತಿ ಸಂಘಟನೆಯ ಮುಖ್ಯಸ್ಥ ಫಿಶರ್‌ನೇ ಶತ್ರುಗಳ ಮನುಷ್ಯ. ಹರ್ಬರ್ಟ್ ಮಾರ್ಷಲ್ ಅವನನ್ನು ಕೆಟ್ಟವನಂತೆ ನಟಿಸಿಲ್ಲ. ಮಗಳೆಂದರೆ ಪ್ರಾಣ. ಮಾತು ಮೃದು. ತನ್ನ ದೇಶಕ್ಕಾಗಿ ತನಗೆ ಗೊತ್ತಿರುವ ರೀತಿಯಲ್ಲಿ ಹೋರಾಡಿದೆ ಅನ್ನುವ ಧಾಟಿಯಲ್ಲಿ ಮಗಳಿಗೆ ತಪ್ಪೊಪ್ಪಿಕೊಳ್ಳುತ್ತಾನೆ. ಪ್ರಚಾರದ ಸಿನಿಮಾದಲ್ಲಿ ಶತ್ರುವಿಗೆ ಇಷ್ಟು ಘನತೆ ಕೊಡುವುದು ಅಪರೂಪ. ಇದು ಸಿನಿಮಾದ ದೊಡ್ಡ ಗುಣ. ಆದರೆ ಇದೇ ಜಾಗದಲ್ಲಿ ಒಂದು ಕೊಂಕೂ ಇದೆ. ಶಾಂತಿ ಶಾಂತಿ ಅನ್ನುವವರು ಒಂದೋ ಮುಗ್ಧರು, ಇಲ್ಲವೇ ದ್ರೋಹಿಗಳು ಅನ್ನುವ ಭಾವನೆಯನ್ನು ಅದು ನೋಡುಗನಲ್ಲಿ ಬಿಟ್ಟು ಹೋಗುತ್ತದೆ. ಯುದ್ಧ ಬೇಡ ಅಂತ ಮನಸಾರೆ ನಂಬಿದ್ದ ಎಷ್ಟೋ ಜನ ಆಗ ಅಮೆರಿಕದಲ್ಲಿದ್ದರು. ಅವರಿಗೆ ಇದು ನ್ಯಾಯವಲ್ಲ.

ಮಾತಿನ ದೃಶ್ಯಗಳೆಲ್ಲ ಸಪ್ಪೆ ಅಂದೆನಲ್ಲ, ಅದಕ್ಕೊಂದು ಅಪವಾದವಿದೆ. ವಾನ್ ಮೀರ್‌ನಿಂದ ಗುಟ್ಟು ಹೊರಡಿಸಲು ಅವನನ್ನು ಲಂಡನ್ನಿನ ಕೋಣೆಯೊಂದರಲ್ಲಿ ಕೂಡಿಹಾಕಿದ್ದಾರೆ. ಕಣ್ಣು ಕುಕ್ಕುವ ದೀಪ, ನಿಲ್ಲದ ಜಾಜ್ ಸಂಗೀತ, ನಿದ್ದೆಯಿಲ್ಲ. ಗೆಳೆಯನಂತೆ ನಟಿಸುವ ಫಿಶರ್ ಯಾರು ಅಂತ ಮುದುಕನಿಗೆ ಗೊತ್ತಾದಾಗ, ಹಕ್ಕಿಗಳಿಗೆ ರೊಟ್ಟಿಯ ಚೂರು ಹಾಕುವ ಸಣ್ಣ ಜನರ ಬಗ್ಗೆ ಮಾತಾಡುತ್ತಾನೆ. ನೀವು ಅವರನ್ನು ಸೋಲಿಸಲಾರಿರಿ ಅನ್ನುತ್ತಾನೆ. ಆಮೇಲಿನ ಹಿಂಸೆಯನ್ನು ಹಿಚ್‌ಕಾಕ್ ತೋರಿಸುವುದಿಲ್ಲ. ಸುತ್ತ ನಿಂತವರ ಮುಖ ತೋರಿಸುತ್ತಾನೆ. ವಾನ್ ಮೀರ್ ಆಗಿರುವ ಆಲ್ಬರ್ಟ್ ಬಾಸರ್‌ಮನ್ ಜರ್ಮನ್ ರಂಗಭೂಮಿಯ ಮೇರು ನಟ. ಹೆಂಡತಿ ಯಹೂದಿ. ಹಿಟ್ಲರ್ ಆಡಳಿತದಲ್ಲಿ ಜರ್ಮನಿ ಬಿಟ್ಟು ಬಂದವನು. ಅವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಸಂಭಾಷಣೆಯ ಸದ್ದನ್ನು ಬಾಯಿಪಾಠ ಮಾಡಿ ಒಪ್ಪಿಸಿದ. ಆದರೂ ಪೋಷಕ ನಟನ ಆಸ್ಕರ್‌ಗೆ ಹೆಸರು ಸೂಚಿತವಾಯಿತು. ಆ ದನಿಯಲ್ಲಿ ನಟನೆ ಯಾವುದು, ಬದುಕು ಯಾವುದು ಅಂತ ಬೇರೆ ಮಾಡುವುದು ಕಷ್ಟ.

ಕೊನೆಯ ದೊಡ್ಡ ದೃಶ್ಯ ವಿಮಾನ ಅಪಘಾತ. ಜೋನ್ಸ್, ಕ್ಯಾರೊಲ್, ಫಿಶರ್ ಕೂತಿರುವ, ಅಮೆರಿಕಕ್ಕೆ ಹೊರಟ ವಿಮಾನವನ್ನು ಜರ್ಮನ್ ಹಡಗೊಂದು ಹೊಡೆದುರುಳಿಸುತ್ತದೆ. ನಾವು ಪೈಲಟ್‌ಗಳ ಬೆನ್ನ ಹಿಂದೆ ಇದ್ದೇವೆ. ಗಾಜಿನಾಚೆ ಸಮುದ್ರ ಮೇಲೇರಿ ಬರುತ್ತದೆ, ಇನ್ನೂ ಹತ್ತಿರ, ಇನ್ನೂ ಹತ್ತಿರ. ಮರುಕ್ಷಣ ನೀರು ಒಡೆದು ಒಳಗೆ ನುಗ್ಗುತ್ತದೆ. ನಡುವೆ ಕಟ್ ಇಲ್ಲ! ಕಂಪ್ಯೂಟರ್ ಇಲ್ಲದ 1940ರಲ್ಲಿ ಇದು ಹೇಗೆ?

ಉಪಾಯ ಸರಳ. ಮೊದಲು ನಿಜವಾದ ವಿಮಾನವೊಂದನ್ನು ಸಮುದ್ರದ ಕಡೆಗೆ ಧುಮುಕಿಸಿ, ಕೊನೆಗಳಿಗೆಯಲ್ಲಿ ಮೇಲೆತ್ತಿ, ಎದುರಿನ ನೋಟವನ್ನು ಚಿತ್ರಿಸಿಕೊಂಡರು. ಸ್ಟುಡಿಯೋದಲ್ಲಿ ಕಾಕ್‌ಪಿಟ್ ಸೆಟ್‌ನ ಮುಂದೆ ತೆಳುವಾದ ಕಾಗದದ ತೆರೆ ಕಟ್ಟಿ, ಹಿಂದಿನಿಂದ ಆ ಚಿತ್ರವನ್ನು ಬಿಟ್ಟರು. ತೆರೆಯ ಹಿಂದೆ ದೊಡ್ಡ ನೀರಿನ ಟ್ಯಾಂಕುಗಳಿದ್ದವು. ಚಿತ್ರದಲ್ಲಿ ಸಮುದ್ರ ತಾಗುವ ಕ್ಷಣಕ್ಕೆ ಸರಿಯಾಗಿ ನೀರು ಬಿಟ್ಟರು. ಕಾಗದ ಹರಿದು ನೀರು ನುಗ್ಗಿತು. ಹರಿದ ಕಾಗದ ಕಾಣುವಷ್ಟು ಸಮಯವೇ ಇಲ್ಲ. ಚಿತ್ರದ ನೀರು ಮುಗಿದು ನಿಜವಾದ ನೀರು ಶುರುವಾಗುವ ಗೆರೆಯನ್ನು ಹುಡುಕಲು ನಾನು ಎಷ್ಟೋ ಸಲ ಪ್ರಯತ್ನಿಸಿದ್ದೇನೆ. ಸಿಕ್ಕಿಲ್ಲ.

ಇಷ್ಟೆಲ್ಲ ಇದ್ದರೂ ಸಿನಿಮಾಕ್ಕೆ ಒಂದು ವಿಚಿತ್ರ ಹಿಂಜರಿಕೆ ಇದೆ. ಯುದ್ಧದ ಸಿನಿಮಾ, ಆದರೆ ಬಹುಪಾಲು ಹೊತ್ತು ಶತ್ರುವಿನ ಹೆಸರೆತ್ತುವುದಿಲ್ಲ. ಕಾರಣ ರಾಜಕೀಯ. ಅಮೆರಿಕ ಆಗಿನ್ನೂ ತಟಸ್ಥ ದೇಶ. 1941ರ ಡಿಸೆಂಬರ್‌ನಲ್ಲಿ ಪರ್ಲ್ ಹಾರ್ಬರ್ ಮೇಲೆ ದಾಳಿ ಆಗುವವರೆಗೂ ಯುದ್ಧಕ್ಕೆ ಇಳಿಯಲಿಲ್ಲ. ಹಾಲಿವುಡ್ ಯುದ್ಧಪ್ರಚಾರ ಮಾಡುತ್ತಿದೆ ಅಂತ 1941ರ ಸೆಪ್ಟೆಂಬರ್‌ನಲ್ಲಿ ಸೆನೆಟ್ ಸಮಿತಿ ವಿಚಾರಣೆಯನ್ನೇ ನಡೆಸಿತು. ಇಂಥ ವಾತಾವರಣದಲ್ಲಿ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡಬೇಕಿತ್ತು.

ಅತ್ತ ಯುದ್ಧ ಸಿನಿಮಾಕ್ಕಾಗಿ ಕಾಯಲಿಲ್ಲ. ಚಿತ್ರೀಕರಣ ನಡೆಯುತ್ತಿದ್ದಾಗಲೇ, 1940ರ ಮೇ 10ರಂದು, ಜರ್ಮನಿ ಹಾಲೆಂಡ್, ಬೆಲ್ಜಿಯಂ ಮೇಲೆ ದಾಳಿ ಮಾಡಿತು. ಸಿನಿಮಾದ ಒಪ್ಪಂದ ಅದೇ ಎರಡು ದೇಶಗಳ ನಡುವಿನದು. ಜೂನ್ 14ಕ್ಕೆ ಪ್ಯಾರಿಸ್ ಬಿತ್ತು. ತೆರೆಗೆ ಬರುವ ಮೊದಲೇ 27ನೇ ಕಲಮು ರದ್ದಿ ಕಾಗದವಾಗಿತ್ತು. ಹಿಚ್‌ಕಾಕ್‌ಗೆ ವೈಯಕ್ತಿಕ ಕಸಿವಿಸಿಯೂ ಇತ್ತು. ತಾಯ್ನಾಡು ಇಂಗ್ಲೆಂಡ್ ಅಪಾಯದಲ್ಲಿರುವಾಗ ಹಾಲಿವುಡ್‌ನಲ್ಲಿ ಉಳಿದವರನ್ನು ಅವನ ಹಳೆಯ ನಿರ್ಮಾಪಕ ಮೈಕೆಲ್ ಬಾಲ್ಕನ್ ಬಹಿರಂಗವಾಗಿಯೇ ಚುಚ್ಚಿದ.

ಜುಲೈ ಮೊದಲ ವಾರ ಹಿಚ್‌ಕಾಕ್ ಇಂಗ್ಲೆಂಡ್ ಪ್ರವಾಸ ಮುಗಿಸಿ ವಾಪಸಾದ. ಅಲ್ಲಿ ಬಾಂಬುಗಳು ಯಾವಾಗ ಬೀಳುತ್ತವೋ ಅಂತ ಜನ ಕಾಯುತ್ತಿದ್ದರು. ತಕ್ಷಣ ಚಿತ್ರಕಥೆಗಾರ ಬೆನ್ ಹೆಕ್ಟ್‌ನನ್ನು ಕರೆಸಿ ಹೊಸ ಕೊನೆ ಬರೆಸಿ, ಜುಲೈ 5ರಂದು ಚಿತ್ರಿಸಿದರು. ಲಂಡನ್ನಿನ ರೇಡಿಯೋ ಕೇಂದ್ರದಲ್ಲಿ ಜೋನ್ಸ್ ಅಮೆರಿಕದ ಜನಕ್ಕೆ ಮಾತಾಡುತ್ತಿದ್ದಾನೆ. ಹೊರಗೆ ಬಾಂಬು. ದೀಪ ಆರುತ್ತದೆ. ನಿಮ್ಮ ದೀಪ ಉಳಿಸಿಕೊಳ್ಳಿ, ಜಗತ್ತಿನಲ್ಲಿ ಉಳಿದಿರುವುದು ಅದೊಂದೇ ಅಂತ ಕತ್ತಲಲ್ಲೇ ಮಾತು ಮುಂದುವರಿಸುತ್ತಾನೆ. ಹಿನ್ನೆಲೆಯಲ್ಲಿ ಅಮೆರಿಕದ ರಾಷ್ಟ್ರಗೀತೆ. ಸೆಪ್ಟೆಂಬರ್ 7ರಿಂದ ಲಂಡನ್ ಮೇಲೆ ನಿಜವಾಗಿಯೂ ರಾತ್ರಿ ರಾತ್ರಿ ಬಾಂಬು ಬಿದ್ದವು. ನಾಜಿ ಪ್ರಚಾರ ಸಚಿವ ಗೊಬೆಲ್ಸ್ ಕೂಡ ಈ ಸಿನಿಮಾವನ್ನು ಪ್ರಚಾರದ ಮೇಲ್ದರ್ಜೆಯ ಕೆಲಸ ಅಂತ ಮೆಚ್ಚಿಕೊಂಡ. ಶತ್ರುವಿನ ಸರ್ಟಿಫಿಕೇಟು!

ಆರು ಆಸ್ಕರ್ ನಾಮನಿರ್ದೇಶನ ಬಂದವು, ಒಂದೂ ಗೆಲ್ಲಲಿಲ್ಲ. ಅತ್ಯುತ್ತಮ ಚಿತ್ರದ ಪ್ರಶಸ್ತಿ ಅದೇ ವರ್ಷದ 'ರೆಬೆಕ್ಕಾ'ಕ್ಕೆ ಹೋಯಿತು. ಅದೂ ಹಿಚ್‌ಕಾಕ್‌ನದೇ.

ಆ ರೇಡಿಯೋ ಭಾಷಣ ಈಗ ಕೇಳಿದರೂ ರೋಮಾಂಚನ ಆಗುತ್ತದೆ ಅನ್ನುವವರಿದ್ದಾರೆ. ನನಗೆ ಅದು ಹೊಲಿದು ಸೇರಿಸಿದ ತೇಪೆಯಂತೆ ಕಾಣುತ್ತದೆ. ಬಿಕ್ಕಟ್ಟೇ ಗೊತ್ತಿಲ್ಲದ ಜೋನ್ಸ್ ಇಷ್ಟು ಬೇಗ ಇಂಥ ಮಾತುಗಾರ ಆದದ್ದು ಯಾವಾಗ ಅಂತ ಸಿನಿಮಾ ತೋರಿಸಿಲ್ಲ. ನನ್ನ ಲೆಕ್ಕದಲ್ಲಿ ಸಿನಿಮಾ ಮುಗಿಯುವುದು ಅದಕ್ಕೂ ಸ್ವಲ್ಪ ಮೊದಲು. ಮುಳುಗುತ್ತಿರುವ ವಿಮಾನದ ರೆಕ್ಕೆಯ ಮೇಲೆ ಎಲ್ಲರೂ ಹತ್ತಿ ಕೂತಿದ್ದಾರೆ. ಭಾರ ತಾಳುವುದಿಲ್ಲ ಅಂತ ಗೊತ್ತಾದಾಗ ಫಿಶರ್ ಸದ್ದಿಲ್ಲದೆ ನೀರಿಗೆ ಜಾರುತ್ತಾನೆ. ಉಳಿದವರನ್ನು ಅಮೆರಿಕದ ಹಡಗು ಎತ್ತಿಕೊಳ್ಳುತ್ತದೆ. ಕ್ಯಾಪ್ಟನ್ ಕಟ್ಟುನಿಟ್ಟಿನವನು. ನಮ್ಮದು ತಟಸ್ಥ ಹಡಗು, ಇಲ್ಲಿಂದ ಸುದ್ದಿ ಕಳಿಸುವಂತಿಲ್ಲ ಅನ್ನುತ್ತಾನೆ. ಮನೆಯವರ ಜೊತೆ ಬೇಕಾದರೆ ಮಾತಾಡಬಹುದು. ಜೋನ್ಸ್ 'ಚಿಕ್ಕಪ್ಪ'ನಿಗೆ ಫೋನ್ ಹಚ್ಚುತ್ತಾನೆ. ಆ ಕಡೆ ಇರುವುದು ಸಂಪಾದಕ. ರಿಸೀವರನ್ನು ಮೆಲ್ಲಗೆ ಪಕ್ಕಕ್ಕಿಟ್ಟು, ಕ್ಯಾಪ್ಟನ್ ಜೊತೆ ಜೋರಾಗಿ ಜಗಳಕ್ಕೆ ನಿಲ್ಲುತ್ತಾನೆ. ಜಗಳದ ನೆಪದಲ್ಲಿ ಕಥೆಯನ್ನೆಲ್ಲ ಒಂದೊಂದಾಗಿ ಒದರುತ್ತಾನೆ. ಕ್ಯಾಪ್ಟನ್ ತನ್ನ ನಿಯಮ ಹೇಳುತ್ತಲೇ ಇದ್ದಾನೆ. ಮೇಜಿನ ಮೇಲೆ ಬಾಯಿ ತೆರೆದು ಬಿದ್ದಿರುವ ಫೋನು ಎಲ್ಲವನ್ನೂ ನ್ಯೂಯಾರ್ಕಿಗೆ ತಲುಪಿಸುತ್ತಿದೆ.